ಮಾತನಾಡಿದರೆ ಎದೆ ಬಡಿತ ಇಳಿಯುತ್ತದೆಯೇ?

ಪ್ಯಾನಿಕ್ ಅಟ್ಯಾಕ್‌ಗೆ (ಇದ್ದಕ್ಕಿದ್ದಂತೆ ನುಗ್ಗಿ ಬರುವ ವಿಪರೀತ ಗಾಬರಿಗೆ) ಥೆರಪಿ ತೆಗೆದುಕೊಂಡೆ ಎಂದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ: “ಎದೆ ಬಡಿದುಕೊಳ್ಳುವುದು, ಕೈ ಜೋಮು ಹಿಡಿಯುವುದು ಎಲ್ಲ ಮೈಯಲ್ಲಿ ಆಗುವಂಥದ್ದು. ಯಾರ ಮುಂದೆಯೋ ಕುಳಿತು ಮಾತನಾಡಿದರೆ ಅದು ಹೇಗೆ ಹೋಗುತ್ತದೆ?”

ಬರೀ ಮಾತಿನಿಂದ ಹೋಗುತ್ತಿರಲಿಲ್ಲ. ಅಲ್ಲಿ ನನ್ನಿಂದ ಮಾಡಿಸಿದ್ದೇ ಬೇರೆ.

ಮೊದಲ ಸಲ ಬಂದದ್ದು ಹಾಸನದ ಬಸ್ಸಿನಲ್ಲಿ, ನೆಲಮಂಗಲದ ಹತ್ತಿರ. ಇದ್ದಕ್ಕಿದ್ದಂತೆ ಎದೆ ಡವಡವ ಎಂದಿತು, ಉಸಿರು ಸಾಲದಾಯಿತು, ಬೆರಳುಗಳು ಜೋಮು ಹಿಡಿದವು. ಸತ್ತೇ ಹೋಗುತ್ತೇನೆ ಎನ್ನಿಸಿ ಬಸ್ ನಿಲ್ಲಿಸಿ ಇಳಿದುಬಿಟ್ಟೆ. ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿತ್ತು. ಗ್ಯಾಸ್ ಎಂದು ಕಳಿಸಿದರು. ಅಮ್ಮ ದೃಷ್ಟಿ ತೆಗೆದರು. ಮತ್ತೆ ಬಂತು, ಮತ್ತೆ ಮತ್ತೆ ಬಂತು. ಎರಡು ತಿಂಗಳಲ್ಲಿ ಬಸ್ಸು, ಲಿಫ್ಟು, ಮದುವೆಮನೆ ಎಲ್ಲವನ್ನೂ ಬಿಟ್ಟೆ. ಕೈಚೀಲದಲ್ಲಿ ನೀರಿನ ಬಾಟಲಿ ಇಲ್ಲದೆ ಬೀದಿ ಕೊನೆಯ ಅಂಗಡಿಗೂ ಹೋಗುತ್ತಿರಲಿಲ್ಲ.

ಥೆರಪಿಸ್ಟ್ ಮೊದಲು ಕೇಳಿದ್ದು ಬಸ್ಸಿನ ಆ ಹತ್ತು ನಿಮಿಷಗಳನ್ನು. ಯಾವುದು ಮುಂಚೆ, ಬಡಿತವೋ ಹೆದರಿಕೆಯೋ? ಹಾಳೆಯ ಮೇಲೆ ಬರೆಯುತ್ತ ಹೋದಂತೆ ಒಂದು ಸುತ್ತು ಕಾಣಿಸಿತು. ಎದೆ ಸ್ವಲ್ಪ ಜೋರಾಗುತ್ತದೆ, ಹಾರ್ಟ್ ಅಟ್ಯಾಕ್ ಎಂದುಕೊಳ್ಳುತ್ತೇನೆ, ಆ ಹೆದರಿಕೆಗೇ ಅಡ್ರಿನಲಿನ್ ಎಂಬ ಹಾರ್ಮೋನ್ ಏರಿ ಬಡಿತ ಇನ್ನೂ ಜೋರಾಗುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಇದೇ ಸುತ್ತನ್ನು ವಿವರಿಸಿದ್ದರಂತೆ. ಜೋಮಿಗೂ ಕಾರಣವಿತ್ತು: ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಡುತ್ತದೆ, ತಲೆ ಸುತ್ತುತ್ತದೆ. ಉಸಿರು ಸಾಲುತ್ತಿಲ್ಲ ಎಂದು ಒದ್ದಾಡಿದ ನಾನು ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದೆ! ಅದನ್ನು ಕೇಳಿದ ದಿನ ಅಲ್ಲೇ ಕುಳಿತು ಅತ್ತೆ.

ನಾಲ್ಕನೇ ಭೇಟಿಯಲ್ಲಿ ಮೇಜಿನ ಮೇಲೆ ಒಂದು ಸ್ಟ್ರಾ ಇತ್ತು, ಎಳನೀರಿಗೆ ಕೊಡುವಂಥದ್ದು. “ಮೂಗು ಹಿಡಿದುಕೊಂಡು ಒಂದು ನಿಮಿಷ ಇದರಲ್ಲೇ ಉಸಿರಾಡಿ. ಏನಾಗಬಹುದು ಹೇಳಿ?” ತಲೆ ತಿರುಗಿ ಬೀಳುತ್ತೇನೆ ಎಂದೆ. ಅದನ್ನು ಬರೆಸಿದರು. ಇಪ್ಪತ್ತು ಸೆಕೆಂಡಿಗೆ ಅದೇ ಡವಡವ, ಅದೇ ಬೆವರು. ಬೀಳಲಿಲ್ಲ. ಅದನ್ನೂ ಬರೆಸಿದರು. ಮುಂದಿನ ವಾರಗಳಲ್ಲಿ ತಿರುಗುವ ಕುರ್ಚಿ, ಓಡುತ್ತ ಮೆಟ್ಟಿಲು ಹತ್ತುವುದು: ಅದೇ ಲಕ್ಷಣಗಳನ್ನು ಬೇಕೆಂದೇ ತಂದುಕೊಂಡು, ಅವುಗಳಿಂದ ಏನೂ ಆಗುವುದಿಲ್ಲ ಎಂದು ಕಲಿಯುವುದು. (ಆಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಇದನ್ನು ತಾವಾಗಿಯೇ ಮಾಡಬಾರದು.) ಎಲ್ಲಕ್ಕಿಂತ ಕಷ್ಟವಾದದ್ದು ನೀರಿನ ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಬರುವುದು. ಅದು ಜೊತೆಗಿದ್ದುದರಿಂದಲೇ ಬದುಕಿದೆ ಎಂದು ಮನಸ್ಸು ನಂಬಿಬಿಟ್ಟಿತ್ತು.

ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಏಕೆ? ಎದೆನೋವು ಮೊದಲ ಸಲ ಬಂದರೆ ಹೃದಯದ ತಪಾಸಣೆ ಆಗಲೇಬೇಕು. ವರದಿ ಸರಿಯಿದ್ದೂ ಸಂಕಟ ನಿಲ್ಲದವರಿಗೆ “ನಿನಗೇನೂ ಆಗಿಲ್ಲ” ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಹೋದ ತಿಂಗಳು ಮತ್ತೆ ಹಾಸನದ ಬಸ್ ಹತ್ತಿದೆ. ನೆಲಮಂಗಲ ಬಂದಾಗ ಎದೆ ಬಡಿದುಕೊಂಡಿತು. ಬಡಿದುಕೊಳ್ಳಲಿ ಎಂದು ಕಿಟಕಿ ಪಕ್ಕ ಕುಳಿತೇ ಇದ್ದೆ. ಕುಣಿಗಲ್‌ನಲ್ಲಿ ಬಸ್ ನಿಂತಾಗ ಹತ್ತು ರೂಪಾಯಿಯ ಕಡಲೆಕಾಯಿ ಕೊಂಡೆ.