ಯುದ್ಧ ಸಾರಲಾಗದ ಬಣ

ದಸರಾ ರಜೆಗೆ ಚಿತ್ರದುರ್ಗದಿಂದ ಅಕ್ಕನ ಮಗ ದಾವಣಗೆರೆಗೆ ಬಂದಿದ್ದ. ಎಂಡ್‌ಲೆಸ್ ಲೆಜೆಂಡ್ ಎಂಬ ಸಾಮ್ರಾಜ್ಯ ಕಟ್ಟುವ ಆಟ ಆಡೋಣ ಎಂದು ಕಂಪ್ಯೂಟರ್ ಮುಂದೆ ಕೂತವರು ಬಣ ಆರಿಸುವುದರಲ್ಲೇ ಅರ್ಧ ಬೆಳಗು ಕಳೆದೆವು. ನನ್ನ ಮಟ್ಟಿಗೆ ಅದು ದಂಡವಾದ ಹೊತ್ತಲ್ಲ. ಪ್ಯಾರಿಸ್ಸಿನ ಆಂಪ್ಲಿಟ್ಯೂಡ್ ಸ್ಟುಡಿಯೋಸ್ 2014ರಲ್ಲಿ ತಂದ ಈ ಆಟದ ಸೊಗಸೇ ಅಲ್ಲಿದೆ. ಒಂದೊಂದು ಬಣ ಬದುಕುವ ರೀತಿಯೇ ಬೇರೆ. ಬ್ರೋಕನ್ ಲಾರ್ಡ್ಸ್ ಎಂದರೆ ಕವಚದೊಳಗೆ ಉಳಿದ ಆತ್ಮಗಳು, ಅವರಿಗೆ ಅನ್ನ ಬೇಡ, ಡಸ್ಟ್ ಎಂಬ ಆಟದ ಹಣ ಸುರಿದೇ ಜನಸಂಖ್ಯೆ ಹೆಚ್ಚಿಸಿಕೊಳ್ಳಬೇಕು. ಕಲ್ಟಿಸ್ಟ್‌ಗಳು ಕಟ್ಟುವುದು ಒಂದೇ ನಗರ. ನೆಕ್ರೋಫೇಜ್‌ಗಳಿಗಂತೂ ಯಾರೊಂದಿಗೂ ಶಾಂತಿ ಒಪ್ಪಂದವೇ ಸಾಧ್ಯವಿಲ್ಲ.

ನನಗೆ ಬೇಕಿದ್ದದ್ದು ಊರು ಕಟ್ಟುವ ಆಟ. ರಸ್ತೆ, ಪೇಟೆ, ಪಕ್ಕದ ರಾಜ್ಯದೊಡನೆ ಕೊಡುಕೊಳ್ಳುವಿಕೆ.

‘ಜಗಳ ಬ್ಯಾಡ ಅಂದ್ರೆ ಡ್ರಾಕನ್ ತಗೋ ಮಾಮ’ ಅಂದ. ಅವನ ಮಾತಿನಲ್ಲಿ ತಿರುಳಿತ್ತು. ಡ್ರಾಕನ್‌ಗಳಿಗೆ ಮೊದಲ ಸರದಿಯಿಂದಲೇ ಎಲ್ಲ ಸಾಮ್ರಾಜ್ಯಗಳ ಪರಿಚಯ ಇರುತ್ತದೆ. ಇನ್‌ಫ್ಲುಯೆನ್ಸ್, ಅಂದರೆ ಸಂಧಾನಕ್ಕೆ ಖರ್ಚು ಮಾಡುವ ಪ್ರಭಾವದ ಅಂಕ, ಸಾಕಷ್ಟು ಕೂಡಿಟ್ಟುಕೊಂಡರೆ, ಎದುರಿನವರು ಒಲ್ಲೆ ಎಂದರೂ ಶಾಂತಿಯನ್ನು ಹೇರಬಹುದು. ಶಾಂತಿಪ್ರಿಯರಿಗೆ ಇದಕ್ಕಿಂತ ಏನು ಬೇಕು ಎಂದು ಬಹಳ ಮಂದಿ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಹೇರಿದ ಶಾಂತಿಯಲ್ಲಿ ಎದುರಿನವನಿಗೆ ಲಾಭ ಏನಿದೆ? ನನ್ನ ಇನ್‌ಫ್ಲುಯೆನ್ಸ್ ಕರಗುವುದನ್ನೇ ಅವನು ಕಾಯುತ್ತಿರುತ್ತಾನೆ.

ನಾನು ರೋವಿಂಗ್ ಕ್ಲಾನ್ಸ್ ಎಂದೆ. ಹುಡುಗ ತಲೆ ಮೇಲೆ ಕೈಹೊತ್ತ. ‘ಅವ್ರು ಯುದ್ಧ ಸಾರೋಕೇ ಆಗಲ್ಲ ಮಾಮ! ಯಾರಾದ್ರೂ ಬಂದು ಹೊಡೆದ್ರೆ?’

ಅಲೆಮಾರಿ ವ್ಯಾಪಾರಿಗಳು ಅವರು. ಯುದ್ಧ ಸಾರುವ ಹಕ್ಕನ್ನು ಆಟವೇ ಅವರಿಂದ ಕಿತ್ತುಕೊಂಡಿದೆ; ಬದಲಿಗೆ ಕೊಟ್ಟದ್ದು ಮಾರುಕಟ್ಟೆ. ಬೇರೆ ಸಾಮ್ರಾಜ್ಯಗಳು ಅಲ್ಲಿ ಕೊಂಡರೂ ಮಾರಿದರೂ ಕ್ಲಾನ್ಸ್‌ಗೆ ಒಂದು ಪಾಲು ಬರುತ್ತದೆ, ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಯಾರದಾದರೂ ದಲಾಲಿಗೆ ಕಮಿಷನ್ ಬರುವ ಹಾಗೆ. ಉಳಿದವರು ಏಳಿಗೆಯಾದಷ್ಟೂ ಕ್ಲಾನ್ಸ್‌ಗೆ ಆದಾಯ. ಪಕ್ಕದವನು ಹಾಳಾಗಲಿ ಎಂದು ಬಯಸಲು ಕಾರಣವೇ ಉಳಿಯುವುದಿಲ್ಲ. ನಾನು ಆ ಬಣ ಆರಿಸಿದ್ದು ಇದಕ್ಕೇ.

ಮಧ್ಯೆ ಅವನು ತನ್ನೂರಿನ ಏಳು ಸುತ್ತಿನ ಕೋಟೆಯ ಮಾತು ತೆಗೆದ. ಆ ಅಭಿಮಾನ ನನಗೂ ಇದೆ. ಆದರೆ ಅಂಥ ಕೋಟೆಯನ್ನೂ 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ಕಿತ್ತುಕೊಂಡ. ಅದೇ ಹೈದರ್ ದಾವಣಗೆರೆಯನ್ನು ಅಪ್ಪಾಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟಾಗ, ಆತ ವರ್ತಕರನ್ನು ಕರೆಸಿ ನೆಲೆಗೊಳ್ಳಲು ಉತ್ತೇಜನ ಕೊಟ್ಟ. ಸಣ್ಣ ಹಳ್ಳಿ ಪೇಟೆಯಾಗಿ ಬೆಳೆಯಿತು; ಹತ್ತಿ ಗಿರಣಿಗಳು ಬಂದದ್ದು ಆಮೇಲೆ. ಇದನ್ನು ಹೇಳಿದಾಗ ಹುಡುಗ ವಾದ ಬಿಟ್ಟು ಕೇಳಿಸಿಕೊಂಡ. ಶಾಲೆಯಲ್ಲಿ ಯಾರೂ ಹೇಳಿರಲಿಲ್ಲವಂತೆ.

ಊಟ ಮುಗಿಸಿ ಆಟ ಶುರು ಮಾಡಿದೆವು. ಆರಿಗಾ ಎಂಬ ಆ ಗ್ರಹದಲ್ಲಿ ಒಂದು ಪ್ರಾಂತ್ಯಕ್ಕೆ ಒಂದೇ ನಗರ, ಹಾಗಾಗಿ ಜಾಗ ಆರಿಸುವುದೇ ಅರ್ಧ ರಾಜನೀತಿ. ಸುತ್ತಲಿನ ಸಣ್ಣ ಬುಡಕಟ್ಟುಗಳ ಹಳ್ಳಿಗಳನ್ನು ಸೈನ್ಯ ನುಗ್ಗಿಸಿ ಅಡಗಿಸಬಹುದು, ಡಸ್ಟ್ ಕೊಟ್ಟು ಒಲಿಸಬಹುದು, ಅವರು ಹೇಳಿದ ಕೆಲಸ ಮಾಡಿಕೊಟ್ಟೂ ಸ್ನೇಹ ಗಳಿಸಬಹುದು. ನಾವು ಮೂರನೆಯದನ್ನೇ ಹಿಡಿದೆವು. ತಡವಾಗುತ್ತದೆ, ಆದರೆ ಹಳ್ಳಿ ಸುಟ್ಟುಹೋಗದೆ ನಮ್ಮದಾಗುತ್ತದೆ. ಒಬ್ಬ ನೆರೆಯವನೊಡನೆ ವ್ಯಾಪಾರ ಒಪ್ಪಂದವೂ ಕುದುರಿತು.

ಚಳಿಗಾಲ ಬಂತು. ಈ ಆಟದಲ್ಲಿ ಚಳಿಗಾಲ ಮರಳಿ ಮರಳಿ ಬರುತ್ತದೆ, ಆಟ ಸಾಗಿದಂತೆ ಉದ್ದವಾಗುತ್ತಾ ಹೋಗುತ್ತದೆ, ಆಹಾರವೂ ಡಸ್ಟೂ ಕುಸಿಯುತ್ತವೆ. ಆಗಲೇ ಉತ್ತರದ ಗಡಿಯಲ್ಲಿ ನೆಕ್ರೋಫೇಜ್ ದಂಡು ಕಾಣಿಸಿತು. ‘ನೋಡು, ನಾ ಹೇಳಿರಲಿಲ್ವಾ?’ ಎಂದು ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ. ನಾನು ಗಡಿಯ ನಗರವನ್ನೇ ಕಿತ್ತೆ. ಹೌದು, ಕ್ಲಾನ್ಸ್‌ಗೆ ಆ ವರ ಇದೆ: ಸೆಟ್ಸೆಕೆ ಎಂಬ ದೈತ್ಯ ಜೀರುಂಡೆಯ ಬೆನ್ನೇರಿ ಇಡೀ ನಗರ ಎದ್ದು ನಡೆಯುತ್ತದೆ. ಮುತ್ತಿಗೆ ಬೀಳುವ ಮೊದಲೇ ಮನೆ, ಕಣಜ, ಪೇಟೆ ಸಮೇತ ದಕ್ಷಿಣದ ಖಾಲಿ ಪ್ರಾಂತ್ಯಕ್ಕೆ ಹೊರಟೆವು. ನಡೆಯುವಷ್ಟು ಹೊತ್ತು ಆ ನಗರದಿಂದ ದುಡಿಮೆಯಿಲ್ಲ, ಬಿಟ್ಟ ನೆಲವೂ ಹೋಯಿತು. ಆದರೆ ಒಂದು ಮನೆಯೂ ಸುಡಲಿಲ್ಲ. ಇದನ್ನು ಹೇಡಿತನ ಎನ್ನುವವರ ಜೊತೆ ಎಷ್ಟು ಹೊತ್ತು ಬೇಕಾದರೂ ವಾದಿಸಲು ನಾನು ಸಿದ್ಧ.

ಉಳಿದ ನಗರಗಳಿಗೆ ಕಾವಲು ಪಡೆ ಇಟ್ಟೇ ಇದ್ದೆ. ಯುದ್ಧ ಸಾರುವುದಿಲ್ಲ ಎಂದರೆ ಬಾಗಿಲು ತೆರೆದಿಟ್ಟು ಮಲಗುವುದಲ್ಲ.

ಕತ್ತಲಾಗುವ ಹೊತ್ತಿಗೆ ಮಂಡಕ್ಕಿ, ಮೆಣಸಿನಕಾಯಿ ಬಂತು. ಹುಡುಗನ ಮನಸ್ಸು ಇನ್ನೂ ಡ್ರಾಕನ್ ಮೇಲೇ ಇತ್ತು. ನಾಳೆ ಅವನ ಲ್ಯಾಪ್‌ಟಾಪಿನಲ್ಲಿ ಅವನು, ನನ್ನದರಲ್ಲಿ ನಾನು, ಒಂದೇ ನಕ್ಷೆಯಲ್ಲಿ ಆಡೋಣ ಎಂದು ಮಾತಾಯಿತು. ಶಾಂತಿ ಹೇರುವ ಮೊದಲೇ ನಾನು ವ್ಯಾಪಾರ ಒಪ್ಪಂದ ಕೇಳುತ್ತೇನೆ ಎಂದೆ. ಹುಡುಗ ಸ್ವಲ್ಪ ಯೋಚಿಸಿ, ‘ಅದ್ರಲ್ಲಿ ನಂಗೆಷ್ಟು ಸಿಗುತ್ತೆ?’ ಎಂದು ಕೇಳಿದ.