ಬುಷ್ ಬದಲಿಸುವ ಕೆಲಸ
ಕರಾವಳಿಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಓಡಿದ ಕಾರಿನ ಸಸ್ಪೆನ್ಷನ್ ಬಿಚ್ಚಲು ಹೊರಟರೆ, ಅರ್ಧಕ್ಕಿಂತ ಹೆಚ್ಚು ಗುದ್ದಾಟ ತುಕ್ಕಿನೊಡನೆಯೇ ನಡೆಯುತ್ತದೆ. ಹೊಂಡ ಇಳಿದಾಗಲೆಲ್ಲ ಮುಂದಿನ ಎಡಗಾಲಿಯಿಂದ ಬರುತ್ತಿದ್ದ ಸದ್ದಿಗೆ ಗಾಲಿಯನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮ್‌ನ ರಬ್ಬರ್ ಬುಷ್, ಅಂದರೆ ಕೀಲಿನಲ್ಲಿ ಕೂರುವ ರಬ್ಬರಿನ ಬಳೆ, ಸವೆದದ್ದೇ ಕಾರಣವೆಂದು ಸಲಾಕೆ ಹಾಕಿ ಮೀಟಿದ ಕೂಡಲೇ ತಿಳಿಯಿತು. ಆದರೆ ಬುಷ್‌ನ ಒಳಗಿನ ಉಕ್ಕಿನ ಕೊಳವೆ ಬೋಲ್ಟಿಗೆ ಕಚ್ಚಿಕೊಂಡಿದ್ದರಿಂದ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟರೂ, ಸ್ಪ್ಯಾನರ್ ತಿರುಗಿಸಿದಷ್ಟೂ ರಬ್ಬರು ತಿರುಚಿಕೊಂಡು ಮತ್ತೆ ಹಿಂದಕ್ಕೆ ಚಿಮ್ಮುತ್ತಿತ್ತು. ಕೊನೆಗೆ ಬೋಲ್ಟನ್ನು ಗರಗಸದಿಂದ ಕತ್ತರಿಸಬೇಕಾಯಿತು.

ನನ್ನನ್ನು ನಿಜಕ್ಕೂ ಕಾಡುವುದು ಇನ್ನೊಂದು ವಿಷಯ. ಹೊಸ ಬುಷ್ ಹಾಕಿ, ಕಾರು ಸ್ಟ್ಯಾಂಡಿನ ಮೇಲಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಆರ್ಮ್ ಕೆಳಕ್ಕೆ ಜೋತುಬಿದ್ದ ಸ್ಥಿತಿಯಲ್ಲೇ ರಬ್ಬರು ಬಿಗಿದುಕೊಂಡು, ಗಾಲಿ ನೆಲ ಮುಟ್ಟಿದ ಕ್ಷಣದಿಂದ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ. ಕಾರಿನ ಭಾರ ಗಾಲಿಯ ಮೇಲೆ ಕುಳಿತ ನಂತರವೇ ಕೊನೆಯ ಬಿಗಿ ಕೊಡಬೇಕೆಂದು ಬಿಡಿಭಾಗದ ಡಬ್ಬಿಯ ಮೇಲೆ ಒಂದು ಸಾಲು ಮುದ್ರಿಸಿದರೂ ಎಷ್ಟೋ ಜನರ ಹಣ, ಶ್ರಮ ಉಳಿದೀತು.

ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗಿರುವ ಸ್ಟ್ರಟ್‌ನ ಸ್ಪ್ರಿಂಗ್ ಬಿಚ್ಚುವುದನ್ನು ಮಾತ್ರ ಗ್ಯಾರೇಜಿಗೇ ಬಿಟ್ಟಿದ್ದೇನೆ. ಒತ್ತಿ ಹಿಡಿದ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಸಂಚಕಾರ. ಇನ್ನು ವೀಲ್ ಅಲೈನ್‌ಮೆಂಟ್ ಮಾಡಿಸುವುದೊಂದು ಬಾಕಿ ಇದೆ.