ಸಂಜೆ ಗಾಡಿಗೆ ಇನ್ನೂ ಬೋಗಿ ಬೇಕು

9 ಜನವರಿ 2025, ಗುರುವಾರ ರಾತ್ರಿ
ಕ್ಯಾತ್ಸಂದ್ರ, ತುಮಕೂರು

ಮೂರು ಸಲ ಸೋಪು ಹಾಕಿ ತೊಳೆದ್ರೂ ಅವರೆಕಾಯಿ ಸೊಗಡು ಕೈ ಬಿಡ್ತಾ ಇಲ್ಲ. ಬೆರಳಿನ ತುದಿ ಎಲ್ಲ ಕಪ್ಪಾಗಿದೆ. ಇವತ್ತು ಬೆಂಗಳೂರಿಂದ ತುಮಕೂರಿಗೆ ಬರೋ ಸಂಜೆ ರೈಲು ಗಾಡೀಲಿ ಆಗಿದ್ದನ್ನ ಇವತ್ತೇ ಬರೆದಿಡಬೇಕು ಅಂತ ಕೂತಿದೀನಿ, ನಾಳೆ ವೈಕುಂಠ ಏಕಾದಶಿ, ಅತ್ತೆ ಜೊತೆ ನಸುಕಿನಲ್ಲೇ ದೇವಸ್ಥಾನಕ್ಕೆ ಹೋಗಿ ಬಂದು ಆಮೇಲೆ ಗಾಡಿ ಹಿಡೀಬೇಕು, ಬರೆಯೋಕೆ ಟೈಮೇ ಸಿಗಲ್ಲ.

ನಮ್ಮ ಆಫೀಸಲ್ಲಿ ಮಾಗಡಿ ಕಡೆಯವರೊಬ್ಬರು ಇದಾರೆ, ಪ್ರತಿ ವರ್ಷ ಸಂಕ್ರಾಂತಿ ಹತ್ರ ಬಂದಾಗ ಒಂದು ಚೀಲ ಅವರೆಕಾಯಿ ತಂದುಕೊಡ್ತಾರೆ. ಅದನ್ನ ತಗೊಂಡು ಮಲ್ಲೇಶ್ವರಂ ಸ್ಟೇಷನ್ನಲ್ಲಿ ಹತ್ತಿದೆ. ಮಾಮೂಲಿ ಜಾಗದಲ್ಲಿ ಟೀಚರಕ್ಕ ಇದ್ರು, ಗುಬ್ಬಿ ಆಂಟಿ ಇದ್ರು. ಚೀಲ ನೋಡಿದ ತಕ್ಷಣ ಆಂಟಿ, "ಕೊಡೇ ಇತ್ಲಾಗೆ, ಮನೆಗೋಗಿ ಒಬ್ಬಳೇ ಯಾವಾಗ ಸುಲೀತೀಯ" ಅಂದ್ರು. ಮಡಿಲಲ್ಲಿ ಪೇಪರ್ ಹರಡಿಕೊಂಡು ಮೂವರೂ ಶುರು ಮಾಡಿದ್ವಿ. ಕಾಯಿನ ಬೆನ್ನಿಗೆ ಹೆಬ್ಬೆಟ್ಟಿನ ಉಗುರು ಒತ್ತಿದ್ರೆ ಪಟ್ ಅಂತ ಬಾಯಿ ಬಿಡುತ್ತೆ, ಒಳಗೆ ಮೂರೋ ನಾಲ್ಕೋ ಕಾಳು, ಕೆಲವದ್ರಲ್ಲಿ ಹಸಿರು ಹುಳ, ಅದನ್ನ ಸಿಪ್ಪೆ ಸಮೇತ ಚೀಲಕ್ಕೆ ಹಾಕೋದು. ಚಳಿಗಾಲದಲ್ಲಿ ಸಂಜೆ ಗಾಡಿ ಹತ್ತಿದ್ರೆ ಬೋಗಿ ಪೂರ್ತಿ ಇದೇ ವಾಸನೆ, ಯಾರಾದ್ರೂ ಒಬ್ರು ಸುಲೀತಾನೇ ಇರ್ತಾರೆ. ಮಿಕ್ಕ ದಿನ ಹೂವು ಕಟ್ಟೋದು, ಸೊಪ್ಪು ಬಿಡಿಸೋದು. ಎರಡನೇ ಮನೆ ಇದ್ದಂಗೆ ಅದು.

ಯಶವಂತಪುರ ಬಂತು ನೋಡಿ, ಅಲ್ಲಿಗೆ ಸುಲಿಯೋದು ನಿಂತೋಯ್ತು. ಮೊಣಕೈ ಆಡಿಸೋಕೆ ಜಾಗ ಇಲ್ಲ ಅಷ್ಟು ಜನ ನುಗ್ಗಿದ್ರು. ಸಂಜೆ ಗಾಡಿ ಯಾವತ್ತೂ ರಶ್ಶೇ, ಆದ್ರೆ ಈ ವಾರ ಬೇರೆ ಥರ ಇದೆ, ಯಾಕಂದ್ರೆ 5ನೇ ತಾರೀಕಿಂದ ಬಸ್ ಚಾರ್ಜು 15 ಪರ್ಸೆಂಟ್ ಏರಿದೆ, ದಿನಾ ಬಸ್ಸಲ್ಲಿ ಓಡಾಡ್ತಿದ್ದ ಗಂಡಸರು ಸುಮಾರು ಜನ ಈ ಕಡೆಗೆ ಬಂದಿದಾರೆ. ಹೊಸ ಮುಖ ನೋಡಿದ್ರೇ ಗೊತ್ತಾಗುತ್ತೆ, ಯಾವ ಸ್ಟೇಷನ್ನಲ್ಲಿ ಯಾವ ಕಡೆ ಪ್ಲಾಟ್‌ಫಾರ್ಮ್ ಬರುತ್ತೆ ಅಂತ ಗೊತ್ತಿರಲ್ಲ, ಬಾಗಿಲಲ್ಲೇ ನಿಂತಿರ್ತಾರೆ. ಅವರ ತಪ್ಪಲ್ಲ ಅದು. ಬರಲಿ, ಎಲ್ಲರೂ ಬರಲಿ, ರೈಲು ಇರೋದೇ ಅದಕ್ಕೆ. ಆದ್ರೆ ಬೋಗಿ ಎಂಟೇ.

ಆ ಗುಂಪಲ್ಲಿ ಒಬ್ಬ ಹುಡುಗಿ ಹತ್ತಿದ್ಲು, ಕುತ್ತಿಗೇಲಿ ಕಂಪನಿ ಐಡಿ ಕಾರ್ಡು, ಏಳು ತಿಂಗಳಿರಬಹುದು. ಕಂಬಿ ಹಿಡ್ಕೊಂಡು ಒಂದು ಕೈ ಹೊಟ್ಟೆ ಮೇಲೆ ಅಡ್ಡ ಇಟ್ಕೊಂಡು ನಿಂತಿದ್ಲು, ಯಾರ ಬ್ಯಾಗೂ ತಾಗದೇ ಇರಲಿ ಅಂತ. ನಾನು ಎದ್ದು "ಬಾರಮ್ಮ, ಕೂತ್ಕೋ" ಅಂದೆ. "ಪರವಾಗಿಲ್ಲ ಅಕ್ಕ, ದಾಬಸ್‌ಪೇಟೆ ತನಕ ಅಷ್ಟೇ" ಅಂದ್ಲು. ದಾಬಸ್‌ಪೇಟೆ ತನಕ ಅಷ್ಟೇ ಅಂತೆ! ಗೊಲ್ಲಹಳ್ಳಿ, ದೊಡ್ಡಬೆಲೆ, ಮುದ್ದಲಿಂಗನಹಳ್ಳಿ, ನಿಡವಂದ ಎಲ್ಲ ದಾಟಿ ದಾಬಸ್‌ಪೇಟೆ. ದಿನಾ ಹಿಂಗೇ ನಿಂತ್ಕೊಂಡೇ ಹೋಗ್ತೀನಿ ಅಂತ ಆಮೇಲೆ ಹೇಳಿದ್ಲು. ನಂಗೆ ಹೊಟ್ಟೆ ಒಳಗೆ ಸಂಕಟ ಆಯ್ತು.

ಟೀಚರಕ್ಕ ಪೇಪರ್ ಮಡಚಿಟ್ಟು ಬ್ಯಾಗಿಂದ ಲಾಂಗ್ ನೋಟ್‌ಬುಕ್ ತೆಗೆದ್ರು. "ಇವತ್ತು ಬರದೇ ಬಿಡಣ" ಅಂದ್ರು. ರೈಲ್ವೆಯವರಿಗೆ ಮನವಿ ಕೊಡಬೇಕು ಅಂತ ದಸರಾ ಕಳೆದಾಗಿಂದ ಮಾತಾಡ್ತಾನೇ ಇದ್ವಿ, ಕೈ ಹಾಕಿರಲಿಲ್ಲ.

ಮೊದಲನೇ ಸಾಲಲ್ಲಿ ಏನು ಕೇಳಬೇಕು ಅನ್ನೋದಕ್ಕೇ ಜಗಳ. ಐಟಿಐ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕಿರೋ ಹುಡುಗ ಮೆಟ್ರೋ ಬರೀರಿ ಅಂದ. ನವೆಂಬರಲ್ಲಿ ಹಸಿರು ಲೈನು ಮಾದಾವರದ ತನಕ ಬಂತಲ್ಲ, ಅದನ್ನೇ ತುಮಕೂರಿಗೆ ಎಳೀಲಿ ಅಂತ ಅವನ ವಾದ. ಹೋದ ವರ್ಷದ ಬಜೆಟ್ಟಲ್ಲಿ ಸರ್ಕಾರ ಅದಕ್ಕೆ ಅಧ್ಯಯನ ಮಾಡಿಸ್ತೀವಿ ಅಂತ ಹೇಳಿದ್ದೂ ಹೌದು. ಬಂದ್ರೆ ನಾನೇನು ಬೇಡ ಅನ್ನಲ್ಲ. ಆದ್ರೆ ಮಾದಾವರದಿಂದ ನಮ್ಮೂರಿಗೆ ಐವತ್ತು ಕಿಲೋಮೀಟರ್ ಮೇಲಾಗುತ್ತೆ, ಮೆಟ್ರೋ ಅನ್ನೋದು ಊರೊಳಗೆ ಕಿಲೋಮೀಟರಿಗೊಂದು ಕಡೆ ನಿಂತು ಹೋಗೋ ಗಾಡಿ, ಅಷ್ಟು ದೂರ ಕಂಬ ನಿಲ್ಲಿಸಿ ಕಟ್ಟಿ ಮುಗಿಸೋ ಹೊತ್ತಿಗೆ ಇವತ್ತಿನ ಆ ಹುಡುಗಿ ಮಗು ಕಾಲೇಜಿಗೆ ಹೋಗ್ತಿರುತ್ತೆ. ನಮಗೆ ಹಳಿ ಇದೆ. 1884ರಿಂದ ಇದೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಆಯ್ತು, ಒಂದು ಹಳಿ ಇದ್ದಿದ್ದು ಎರಡಾಯ್ತು, ಮೇಲೆ ಕರೆಂಟ್ ತಂತಿ ಬಂತು. ದುಡ್ಡು ಹೆಚ್ಚು ಬೇಡೋ ಕೆಲಸ ಎಲ್ಲ ಆಗೋಗಿದೆ. ಈಗ ಅದರ ಮೇಲೆ ಗಾಡಿ ಓಡಿಸಬೇಕು, ಉದ್ದದ ಗಾಡಿ ಓಡಿಸಬೇಕು.

ಸುಧಾರಣೆ ಆಗೇ ಇಲ್ಲ ಅಂತ ನಾನು ಯಾವತ್ತೂ ಹೇಳಲ್ಲ, ಹೇಳಿದ್ರೆ ನಾಲಿಗೆ ಬಿದ್ದೋಗುತ್ತೆ. ನಾನು 2012ರಲ್ಲಿ ಓಡಾಡೋಕೆ ಶುರು ಮಾಡಿದಾಗ ಡೀಸೆಲ್ ಹೊಗೆ, ಕಿಟಕಿ ಪಕ್ಕ ಕೂತ್ರೆ ಆಫೀಸಿಗೆ ಹೋಗೋ ಹೊತ್ತಿಗೆ ಬಿಳಿ ದುಪಟ್ಟ ಬೂದಿ ಬಣ್ಣ. ಆ ಡೀಸೆಲ್ ಲೋಕಲ್ ಗಾಡಿ, ಡೆಮು ಅಂತಾರಲ್ಲ, ಅದು ಸ್ಟೇಷನ್ ಬಿಟ್ಟು ವೇಗ ತಗೊಳೋಷ್ಟರಲ್ಲಿ ಮುಂದಿನ ಸ್ಟೇಷನ್ ಬರ್ತಿತ್ತು. ಮೆಮು ಹಂಗಲ್ಲ, ಕರೆಂಟಿಂದು, ಮೋಟರ್ ಇರೋದು ಪ್ರಯಾಣಿಕರ ಬೋಗಿಗಳಲ್ಲೇ, ಬಿಟ್ಟ ತಕ್ಷಣ ಎಳೆಯುತ್ತೆ, ಬ್ರೇಕ್ ಹಾಕಿದ್ರೆ ಹೊಸ ಗಾಡೀಲಿ ಆ ಶಕ್ತಿ ಕರೆಂಟಾಗಿ ತಂತಿಗೇ ವಾಪಸ್ ಹೋಗುತ್ತೆ. ಎರಡೂ ತುದೀಲಿ ಡ್ರೈವರ್ ಕ್ಯಾಬಿನ್ ಇರೋದ್ರಿಂದ ತುಮಕೂರಿಗೆ ಬಂದು ಇಂಜಿನ್ ಬಿಚ್ಚಿ ಸುತ್ತು ಹಾಕಿಸಿ ಆ ಕಡೆ ಕೂಡಿಸೋ ಗೋಳಿಲ್ಲ, ಡ್ರೈವರ್ ಈ ತುದಿಯಿಂದ ಆ ತುದಿಗೆ ನಡ್ಕೊಂಡು ಹೋದ್ರೆ ಸಾಕು, ಹೊರಟೇಬಿಡಬಹುದು. ನಿಂತು ನಿಂತು ಹೋಗೋ ನಮ್ಮಂಥ ಲೈನಿಗೆ ಹೇಳಿ ಮಾಡಿಸಿದ ಗಾಡಿ. ಹೊಸ ಮೆಮುಗಳಲ್ಲಿ ಟಾಯ್ಲೆಟ್ಟೂ ಇದೆ, ಹೆಂಗಸರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ದಿನಾ ಓಡಾಡೋರಿಗೆ ಮಾತ್ರ ಗೊತ್ತು. ನಮ್ಮ ಸಂಸದರು ವಿ. ಸೋಮಣ್ಣ ರೈಲ್ವೆ ರಾಜ್ಯ ಸಚಿವರಾದ್ಮೇಲೆ 2024ರಲ್ಲೇ ಯಶವಂತಪುರ–ತುಮಕೂರು ಮೆಮು ಒಂದು ಶುರುವಾಯ್ತು, ವಂದೇ ಭಾರತ್‌ಗೂ ಇಲ್ಲಿ ಸ್ಟಾಪ್ ಕೊಟ್ರು. ಕೊರೋನಾ ಆದ್ಮೇಲೆ ಹತ್ತು ರೂಪಾಯಿ ಟಿಕೆಟ್ಟು ಮೂವತ್ತಾಗಿತ್ತಲ್ಲ, 2024 ಫೆಬ್ರವರೀಲಿ ಅದೂ ಮತ್ತೆ ಹತ್ತಕ್ಕೆ ಇಳೀತು, ಹಿರೇಹಳ್ಳಿಯಿಂದ ತುಮಕೂರಿಗೆ ಕೂಲಿಗೆ ಬರೋರ ಮುಖ ಅವತ್ತು ನೋಡಬೇಕಿತ್ತು.

ಒಂದು ವಿಷಯ ಹೇಳ್ತೀನಿ, ತುಂಬ ಜನ ನನ್ನ ಕೇಳ್ತಾರೆ. 2023 ಜೂನಿಂದ ಹೆಂಗಸರಿಗೆ ಬಸ್ ಫ್ರೀ, ನೀನ್ಯಾಕೆ ದುಡ್ಡು ಕೊಟ್ಟು ರೈಲ್ ಪಾಸ್ ಮಾಡಿಸ್ತೀಯ ಅಂತ. ಶಕ್ತಿ ಬಂದ ಹೊಸದ್ರಲ್ಲಿ ಎರಡು ತಿಂಗಳು ನಾನೂ ಬಸ್ಸಲ್ಲೇ ಹೋದೆ. ನೆಲಮಂಗಲ ಜಾಮು, ರಸ್ತೆ ಅಗಲ ಮಾಡೋ ಕೆಲಸ, ಡೈವರ್ಷನ್, ಯಾವ ದಿನ ಎಷ್ಟು ಹೊತ್ತಿಗೆ ತಲುಪ್ತೀನಿ ಅನ್ನೋ ಲೆಕ್ಕಾನೇ ಸಿಗ್ತಿರಲಿಲ್ಲ. ಸೊಂಟ ಬಿದ್ದೋಯ್ತು. ಮೂರನೇ ತಿಂಗಳು ಕೌಂಟರಿಗೆ ಹೋಗಿ ಪಾಸ್ ಮಾಡಿಸ್ದೆ. ತಿಂಗಳ ಪಾಸಿಗೆ ಸುಮಾರು ಹದಿನೈದು ಸಲ ಒಂದು ಕಡೆ ಹೋಗೋ ಚಾರ್ಜು ಹಿಡೀತಾರೆ, ಅದರಲ್ಲಿ ತಿಂಗಳೆಲ್ಲ ಹೋಗಿ ಬಂದು ಮಾಡಬಹುದು, ಇಷ್ಟು ಕಡಿಮೇಲಿ ಮರ್ಯಾದೆಯಾಗಿ ಓಡಾಡಿಸೋ ವ್ಯವಸ್ಥೆ ಇನ್ನೊಂದಿಲ್ಲ. ಫ್ರೀ ಇರೋದನ್ನ ಬಿಟ್ಟು ದುಡ್ಡು ಕೊಟ್ಟು ಹೆಂಗಸರು ರೈಲಿಗೆ ಬರ್ತಾ ಇದಾರೆ ಅಂದ್ರೆ ಅವರಿಗೆ ಬೇಕಾಗಿರೋದು ಏನು ಅಂತ ಅರ್ಥ ಮಾಡ್ಕೋಬೇಕು. ಹೇಳಿದ ಟೈಮಿಗೆ ಮನೆ ಸೇರೋದು, ಅಷ್ಟೇ.

ಅದು ತಪ್ಪಿದ್ರೆ ಏನಾಗುತ್ತೆ ಅಂತ ನಂಗೊತ್ತು. ಹೋದ ಮಳೆಗಾಲದಲ್ಲಿ ಒಂದು ಸಂಜೆ ಗಾಡಿ ಮಧ್ಯದಲ್ಲೇ ಎಲ್ಲೋ ಐವತ್ತು ನಿಮಿಷ ನಿಂತುಬಿಡ್ತು. ಯಾಕೆ ಅಂತ ಯಾರೂ ಹೇಳಲಿಲ್ಲ. ಹೊರಗೆ ಕತ್ತಲು, ಮಳೆ, ಫೋನ್ ಚಾರ್ಜ್ ಎರಡು ಪರ್ಸೆಂಟು. ಅವತ್ತು ಅತ್ತೆ ಊರಲ್ಲಿರಲಿಲ್ಲ, ಮಗಳು ಟ್ಯೂಷನ್ ಮುಗಿಸಿ ಬಂದು ಬೀಗ ನೋಡಿ ಪಕ್ಕದ ಮನೆ ಜಗಲಿ ಮೇಲೆ ಕೂತಿದ್ಲಂತೆ, ಅವರೂ ಮನೇಲಿರಲಿಲ್ಲ. ನಾನು ಹೋಗೋ ಹೊತ್ತಿಗೆ ಬ್ಯಾಗ್ ತಬ್ಬಿಕೊಂಡು ನಿದ್ದೆ ಹೋಗಿದ್ಲು, ಕೆನ್ನೆ ಮೇಲೆ ಸೊಳ್ಳೆ ಕಚ್ಚಿದ ಗುರುತು. ಆ ಗುರುತು ನಂಗೆ ಇವತ್ತಿಗೂ ಕಣ್ಣಲ್ಲಿದೆ.

ಯಾಕೆ ನಿಲ್ಲುತ್ತೆ ಅನ್ನೋದನ್ನ ಐಟಿಐ ಹುಡುಗ ಚೆನ್ನಾಗಿ ಬಿಡಿಸಿ ಹೇಳಿದ. ಯಶವಂತಪುರದಲ್ಲಿ ನಮ್ಮ ಲೈನು, ಯಲಹಂಕ ಲೈನು, ಹೆಬ್ಬಾಳ–ಬಾಣಸವಾಡಿ ಕಡೆ ಲೈನು ಎಲ್ಲ ಬಂದು ಸೇರುತ್ತೆ. 2017ರಲ್ಲಿ ಕುಣಿಗಲ್ ಮೇಲೆ ಹಾಸನದ ಲೈನು ಶುರುವಾದ್ಮೇಲೆ ಚಿಕ್ಕಬಾಣಾವರದಿಂದ ಈಚೆಗೆ ಮಂಗಳೂರು ಗಾಡಿಗಳೂ ಇದೇ ಹಳಿ ಮೇಲೆ. ಹಳೇ ಪದ್ಧತಿ ಸಿಗ್ನಲ್ ಇದ್ರೆ ಮುಂದಿನ ಗಾಡಿ ಮುಂದಿನ ಸ್ಟೇಷನ್ ಮುಟ್ಟೋ ತನಕ ಹಿಂದಿನದನ್ನ ಬಿಡೋಕಾಗಲ್ಲ. ಆಟೋಮ್ಯಾಟಿಕ್ ಸಿಗ್ನಲ್ ಆದ್ರೆ ಎರಡು ಸ್ಟೇಷನ್ ಮಧ್ಯಾನೇ ಸುಮಾರು ಕಿಲೋಮೀಟರಿಗೊಂದು ಸಿಗ್ನಲ್, ಒಂದರ ಹಿಂದೊಂದು ಬಿಡಬಹುದು. ಹಿಂದಿಂದ ಎಕ್ಸ್‌ಪ್ರೆಸ್ ಬಂದಾಗ ಪಕ್ಕದ ಲೂಪ್ ಹಳಿಗೆ ಹಾಕಿ ನಿಲ್ಲಿಸೋದು ಯಾವಾಗಲೂ ನಮ್ಮ ಪ್ಯಾಸೆಂಜರನ್ನೇ, ಎಕ್ಸ್‌ಪ್ರೆಸ್ಸಿಗೂ ಟೈಮ್ ಮುಖ್ಯ ಒಪ್ಕೋತೀನಿ, ಆದ್ರೆ ಸಂಜೆ ಒಂದೆರಡು ಗಂಟೆನಾದ್ರೂ ಮನೆಗೆ ಹೋಗೋರ ಗಾಡಿಗೆ ಮೊದಲ ದಾರಿ ಬಿಡಬೇಕು.

ಬೆಂಗಳೂರು ಸಬರ್ಬನ್ ರೈಲಿನ ವಿಷಯ ಎತ್ತಿದ್ದು ನಾನೇ. 2020ರಲ್ಲಿ ಒಪ್ಪಿಗೆ ಸಿಕ್ಕಿ 2022 ಜೂನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು, ಒಟ್ಟು 148 ಕಿಲೋಮೀಟರ್, ನಾಲ್ಕು ದಾರಿ, ನಾಲ್ಕಕ್ಕೂ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರು. ಮಲ್ಲಿಗೆ ನಮ್ಮ ಕಡೆಗೆ ಬರೋದು, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ 25 ಕಿಲೋಮೀಟರ್. ಅಲ್ಲಿಗೇ ನಿಲ್ಲುತ್ತೆ. ಮೆಟ್ರೋ ಹಳಿ ಬೇರೆ ಅಳತೆ, ಸಬರ್ಬನ್ ಹಂಗಲ್ಲ, ನಮ್ಮದೇ ಬ್ರಾಡ್ ಗೇಜು, ನಮ್ಮದೇ 25,000 ವೋಲ್ಟಿನ ತಂತಿ. ಅಂದ್ಮೇಲೆ ಚಿಕ್ಕಬಾಣಾವರದಲ್ಲಿ ಎರಡನ್ನೂ ಕೂಡಿಸಿ ಅದೇ ಗಾಡೀನ ತುಮಕೂರಿಗೆ ಓಡಿಸೋಕೆ ಅಳತೆ ಅಡ್ಡ ಬರಲ್ಲ. ಈಗ ಕಟ್ಟೋವಾಗಲೇ ಅದಕ್ಕೆ ಜಾಗ ಬಿಟ್ಕೋಬೇಕು, ಕಟ್ಟಿ ಆದ್ಮೇಲೆ ಒಡೆದು ಕೂಡಿಸೋದು ಕಷ್ಟ. ಇದನ್ನೂ ಬರೀರಿ ಅಂದೆ, ಬರೆದ್ರು. ಹೊಸದಾಗಿ ಆಗ್ತಿರೋ ರಾಯದುರ್ಗದ ಲೈನು ಮಧುಗಿರಿ ಮೇಲೆ, ದಾವಣಗೆರೆ ಲೈನು ಸಿರಾ ಮೇಲೆ, ಎರಡೂ ಬಂದು ತುಮಕೂರಲ್ಲೇ ಸೇರೋದು, ಆವಾಗ ಇನ್ನೆಷ್ಟು ಜನ ಆಗ್ತಾರೆ ಅಂತ ಟೀಚರಕ್ಕ ಒಂದು ಸಾಲು ಸೇರಿಸಿದ್ರು.

ಇಷ್ಟೆಲ್ಲ ಮಾತಾಡೋವಾಗ ಗುಬ್ಬಿ ಆಂಟಿ ಸುಮ್ಮನೆ ಇದ್ರು. ಹಿರೇಹಳ್ಳಿ ಹತ್ರ ಬಂದಾಗ, "ನೀವು ಹತ್ತು ಕೇಳಿದ್ರೆ ಒಂದೂ ಕೊಡಲ್ಲ ಕಣ್ರವ್ವ, ಆ ಬಸುರಿ ಹುಡುಗಿ ನಿಂತಿದ್ಲಲ್ಲ, ಅದನ್ನ ಮೊದಲು ಬರೀರಿ" ಅಂದ್ರು. ಯಾರೂ ಎದುರು ಮಾತಾಡಲಿಲ್ಲ.

ಹಾಳೆ ತಿರುಗಿಸಿ ಹೊಸದಾಗಿ ಶುರು ಮಾಡಿದ್ವಿ. ಮೊದಲನೇ ಸಾಲು: ಬೆಳಿಗ್ಗೆ ಹೋಗೋ ಒಂದು ಗಾಡಿ, ಸಂಜೆ ಬರೋ ಒಂದು ಗಾಡಿ, ಇವೆರಡಕ್ಕೆ ಎಂಟು ಬೋಗಿ ಬದಲು ಹನ್ನೆರಡಾದ್ರೂ ಹಾಕಿಕೊಡಬೇಕು, ಆದ್ರೆ ಹದಿನಾರು. ಎರಡನೇ ಸಾಲು: ಸಂಜೆ ಗಾಡಿ ಹೇಳಿದ ಟೈಮಿಗೆ ಬರಬೇಕು, ನಿಂತ್ರೆ ಯಾಕೆ ನಿಂತಿದೆ ಅಂತ ಒಳಗೆ ಅನೌನ್ಸ್ ಮಾಡಬೇಕು. ಸಿಗ್ನಲ್ಲು, ಮಲ್ಲಿಗೆ ಲೈನು ಎಲ್ಲ ಅದರ ಕೆಳಗೆ.

ಕ್ಯಾತ್ಸಂದ್ರದಲ್ಲಿ ನಾನು ಇಳಿಯೋ ಹೊತ್ತಿಗೆ ನಮ್ಮ ಬೋಗಿಯಲ್ಲೇ ಅರವತ್ತೊಂದು ಸಹಿ ಆಗಿತ್ತು. ಬಾಗಿಲಲ್ಲಿ ನಿಂತಿದ್ದ ಹೊಸ ಗಂಡಸರೂ ಹಾಕಿದ್ರು. ನೋಟ್‌ಬುಕ್ ನನ್ನ ಕೈಗೆ ಕೊಟ್ಟು "ನಿನ್ನ ಅಕ್ಷರ ಗುಂಡಾಗಿದೆ, ನೀನೇ ಫೇರ್ ಮಾಡ್ಕೊಂಡು ಬಾ" ಅಂದಿದಾರೆ ಟೀಚರಕ್ಕ. ಈಗ ಟೇಬಲ್ ಮೇಲೆ ಅದು ಇದೆ, ಪಕ್ಕದಲ್ಲಿ ಪಾತ್ರೇಲಿ ನೆನೆಹಾಕಿದ ಅವರೆಕಾಳು. ಹಾಳೆ ಮೂಲೇಲಿ ನನ್ನ ಹೆಬ್ಬೆಟ್ಟಿನ ಕಪ್ಪು ಗುರುತು ಬಿದ್ದಿದೆ. ದಾಬಸ್‌ಪೇಟೆ ಹುಡುಗಿ ಸಹಿ ಹಾಕೋ ಮುಂಚೆ ಇಳಿದುಬಿಟ್ಲು, ನಾಳೆ ಸಂಜೆ ಅವಳದ್ದು ಹಾಕಿಸ್ಕೋಬೇಕು, ಮೇಲ್ಗಡೆ ಒಂದು ಸಾಲು ಖಾಲಿ ಬಿಟ್ಟಿದೀನಿ.